ಅಡುಗೆಮನೆಯ ಬಾಗಿಲಲ್ಲಿ ನಿಂತ ಗೆಳೆಯರಿಗೆ



ತಿಂಗಳಿಗೊಂದು ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದು ಸಿನಿಮಾ ನೋಡುತ್ತೇವೆ, ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ, ಉಂಡು ಹೊರಡುತ್ತೇವೆ. ಈ ಗುಂಪು ನನಗೆ ಎಷ್ಟು ಬೇಕಾದದ್ದು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ನೀವು ದೂರು ಅಂದುಕೊಂಡರೆ ನನಗೆ ಬೇಸರವಾಗುತ್ತದೆ.

ಸಿನಿಮಾ ಮುಗಿದ ಕೂಡಲೇ ನಾನೋ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗೆಳತಿಯೋ ಎದ್ದು ಒಳಗೆ ಹೋಗುತ್ತೇವೆ. ಐದು ನಿಮಿಷ ಕಳೆಯುವಷ್ಟರಲ್ಲಿ ನಿಮ್ಮಲ್ಲೊಬ್ಬರು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತೀರಿ. ‘ಏನಾದ್ರೂ ಹೆಲ್ಪ್ ಬೇಕಾ?’ ಅನ್ನುತ್ತೀರಿ. ಮನಸ್ಸಿಟ್ಟೇ ಕೇಳುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ‘ಏನೂ ಬೇಡ, ಆಗೋಯ್ತು, ನೀವು ಕೂತ್ಕೊಳ್ಳಿ’ ಅನ್ನುತ್ತೇವೆ ನಾವು. ನೀವು ಹುರಿದ ಕಡ್ಲೆಬೀಜ ನಾಲ್ಕು ಬಾಯಿಗೆ ಹಾಕಿಕೊಂಡು ವಾಪಸ್ ಹೋಗುತ್ತೀರಿ. ಹೊರಗೆ ಮಾತು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಾವು ಕಾಫಿಯ ತಟ್ಟೆ ಹಿಡಿದು ಬರುವ ಹೊತ್ತಿಗೆ ಅದು ಎರಡು ತಿರುವು ದಾಟಿ ಹೋಗಿರುತ್ತದೆ.

ನಮ್ಮನಮ್ಮಲ್ಲೇ ಹೇಳಿ ಮುಗಿಸಬಹುದಾಗಿದ್ದ ಈ ಮಾತನ್ನು ಎಲ್ಲರೂ ಓದುವಂತೆ ಬರೆಯಲು ಕಾರಣವಿದೆ. ಮೈಸೂರು, ಬೆಂಗಳೂರು, ಧಾರವಾಡ ಎಲ್ಲೇ ಇರಲಿ, ನಾನು ಕಂಡ ಪುಸ್ತಕದ ಕಪಾಟಿರುವ ಮನೆಗಳಲ್ಲೆಲ್ಲ ಈ ಬಾಗಿಲು ಹೀಗೇ ಇದೆ. ಹೊಸ್ತಿಲ ಆಚೆ ಕಾದಂಬರಿ, ಸಿನಿಮಾ, ಚರ್ಚೆ. ಈಚೆ ಕುಕ್ಕರು, ಒಗ್ಗರಣೆ, ಹಾಲು ಉಕ್ಕದಂತೆ ಕಾಯುವುದು. ನನಗೆ ಸಹಾಯ ಬೇಕಾಗಿಲ್ಲ. ಏಳೆಂಟು ಜನಕ್ಕೆ ಅಡುಗೆ ಮಾಡುವುದು ಅಭ್ಯಾಸವಿದ್ದವರಿಗೆ ಕಷ್ಟದ ಕೆಲಸವೂ ಅಲ್ಲ. ನನಗೆ ಬೇಕಾಗಿರುವುದು ಆ ಮಾತು. ಮಾತನ್ನು ಒಳಗೆ ತನ್ನಿ, ಜಾಗ ಸಾಲದಿದ್ದರೆ ಕೆಲಸವನ್ನೇ ಹೊರಗೆ ತರೋಣ. ನಾನು ಕೇಳುತ್ತಿರುವುದು ಇಷ್ಟೇ.

ಮಾತು ಎರಡು ಕೋಣೆಗೆ ಹಂಚಿಹೋದಾಗ ಏನು ಕಳೆದುಹೋಗುತ್ತದೆ ಅನ್ನುವುದಕ್ಕೆ ನಿಮಗೂ ನೆನಪಿರುವ ಒಂದು ಸಂಜೆಯನ್ನೇ ತೆಗೆದುಕೊಳ್ಳಿ. ಜಪಾನಿನ ಯಸುಜಿರೊ ಓಜು 1952ರಲ್ಲಿ ಮಾಡಿದ ‘ದಿ ಫ್ಲೇವರ್ ಆಫ್ ಗ್ರೀನ್ ಟೀ ಓವರ್ ರೈಸ್’ ನೋಡಿದೆವಲ್ಲ, ಆ ಸಂಜೆ. ಗಂಡ ಹಳ್ಳಿ ಕಡೆಯಿಂದ ಬಂದವನು, ಅನ್ನದ ಮೇಲೆ ಸಾರು ಸುರಿದುಕೊಂಡು ಸೊರಸೊರನೆ ಉಣ್ಣುವವನು. ಹೆಂಡತಿ ಸಿರಿವಂತರ ಮನೆಯವಳು, ಅವನ ಊಟದ ರೀತಿ ಕಂಡರೆ ಅವಳಿಗೆ ಆಗದು. ಕೊನೆಯ ಭಾಗದಲ್ಲಿ ಗಂಡ ಕೆಲಸದ ಮೇಲೆ ದೂರದ ಉರುಗ್ವೆಗೆ ಹೊರಡುತ್ತಾನೆ. ಕಳಿಸಿಕೊಡಲು ಅವಳು ಬಂದೇ ಇರುವುದಿಲ್ಲ. ವಿಮಾನದ ಎಂಜಿನ್ ಕೆಟ್ಟು ಅವನು ಅದೇ ರಾತ್ರಿ ಮನೆಗೆ ವಾಪಸಾಗುತ್ತಾನೆ. ಹೊಟ್ಟೆ ಹಸಿದಿದೆ. ಕೆಲಸದ ಹುಡುಗಿ ಮಲಗಿದ್ದಾಳೆ, ಅವಳನ್ನು ಎಬ್ಬಿಸುವುದು ಬೇಡ ಅಂದುಕೊಂಡು ಇಬ್ಬರೂ ಅಡುಗೆಮನೆಗೆ ಹೋಗುತ್ತಾರೆ.

ಆಮೇಲಿನ ದೃಶ್ಯವನ್ನು ಓಜು ಅವಸರವಿಲ್ಲದೆ ತೋರಿಸುತ್ತಾರೆ. ದೀಪದ ಸ್ವಿಚ್ಚು ಹುಡುಕಬೇಕು, ಅನ್ನ ಎಲ್ಲಿಟ್ಟಿದ್ದಾರೆ ನೋಡಬೇಕು, ಉಪ್ಪಿನಕಾಯಿ ಎಲ್ಲಿದೆ ಗೊತ್ತಿಲ್ಲ. ಅವಳು ತವುಡಿನಲ್ಲಿ ಹುದುಗಿಸಿದ ತರಕಾರಿಯನ್ನು ಕೈಹಾಕಿ ತೆಗೆಯುತ್ತಾಳೆ, ಕತ್ತರಿಸುತ್ತಾಳೆ. ಅವಳ ಕಿಮೋನೋ ತೋಳು ನೆನೆಯದಂತೆ ಅವನು ಹಿಡಿದುಕೊಳ್ಳುತ್ತಾನೆ. ಬಿಸಿ ಟೀಯನ್ನು ಅನ್ನದ ಮೇಲೆ ಹೊಯ್ದುಕೊಂಡು ಎದುರುಬದುರು ಕೂತು ಉಣ್ಣುತ್ತಾರೆ. ಅಷ್ಟು ವರ್ಷದ ಸಂಸಾರದಲ್ಲಿ ಆಡದ ಮಾತುಗಳು ಆಗ ಬರುತ್ತವೆ.

ಸಿನಿಮಾ ಮುಗಿದ ಮೇಲೆ ಹೊರಗೆ ಓಜು ಅವರ ಕ್ಯಾಮೆರಾ ಬಗ್ಗೆ ಒಳ್ಳೆಯ ಚರ್ಚೆಯಾಯಿತು. ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕಿಂತಲೂ ಕೆಳಗೆ ಅದನ್ನು ಇಡುತ್ತಿದ್ದರು, ಹೆಚ್ಚು ಅಲುಗಾಡಿಸುತ್ತಿರಲಿಲ್ಲ ಎಂದೆಲ್ಲ ನಮ್ಮ ಗುಂಪಿನ ಮೇಷ್ಟ್ರು ವಿವರಿಸುತ್ತಿದ್ದದ್ದು ನಮಗೂ ತುಂಡು ತುಂಡಾಗಿ ಕೇಳಿಸುತ್ತಿತ್ತು. ಅದೇ ಹೊತ್ತಿಗೆ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದ ಬ್ಯಾಂಕಿನ ಗೆಳತಿ ನನಗೆ ಹೇಳಿದಳು: ‘ನೋಡೇ, ಅವಳಿಗೆ ತನ್ನ ಮನೆ ಅಡುಗೆಮನೇಲಿ ಅನ್ನ ಎಲ್ಲಿದೆ ಅಂತಾನೇ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲದೇ ಇರೋದ್ರಿಂದ ಇಬ್ಬರೂ ಸೇರಿ ಹುಡುಕಿದ್ರು. ಒಬ್ಬರಿಗೆ ಗೊತ್ತಿದ್ದಿದ್ರೆ ಅವರು ಮಾಡ್ಬಿಡೋರು, ಇನ್ನೊಬ್ಬರು ಹೊರಗೆ ಕೂತಿರೋರು. ಆ ಮಾತೇ ಆಗ್ತಿರಲಿಲ್ಲ.’

ಆ ಸಂಜೆ ಆ ಸಿನಿಮಾದ ಬಗ್ಗೆ ಬಂದ ಮಾತುಗಳಲ್ಲಿ ಇಷ್ಟು ಆಳದ್ದು ಇನ್ನೊಂದಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಲ್ಲಿಯ ಸದ್ದಿನ ನಡುವೆ ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಕ್ಯಾಮೆರಾ ಕೆಳಗಿತ್ತು ಅನ್ನುವುದೂ ಈ ಮಾತೂ ಒಂದೇ ಜಾಗದಲ್ಲಿ ಭೇಟಿಯಾಗಿದ್ದರೆ ಎಂಥ ಚರ್ಚೆಯಾಗುತ್ತಿತ್ತು! ನೆಲದ ಮೇಲೆ ಕೂತು ಕೆಲಸ ಮಾಡುವವರ ಮಟ್ಟಕ್ಕೆ ಕಣ್ಣಿಟ್ಟು ನೋಡಿದ ನಿರ್ದೇಶಕರ ಬಗ್ಗೆ ನಾವು ಎರಡು ಕೋಣೆಗಳಲ್ಲಿ ಅರ್ಧರ್ಧ ಮಾತಾಡಿ ಎದ್ದುಹೋದೆವು.

ಇದು ನಮ್ಮ ಗುಂಪಿನಿಂದ ಶುರುವಾದದ್ದಲ್ಲ. ನಮ್ಮ ಮನೆಯಲ್ಲಿ ಅಪ್ಪನ ಸ್ನೇಹಿತರು ಭಾನುವಾರ ಬೆಳಿಗ್ಗೆ ಬರುತ್ತಿದ್ದರು. ಕಾರಂತರು, ಅನಂತಮೂರ್ತಿ, ಭೈರಪ್ಪ ಎಂದು ಮಾತು ಬಿಸಿಯಾಗುತ್ತಿತ್ತು. ಅಮ್ಮ ಕಾಫಿ ಕೊಟ್ಟು ಒಳಗೆ ಬರುತ್ತಿದ್ದಳು. ಅಮ್ಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಅವರೆಲ್ಲರಷ್ಟೇ ಗಮನವಿಟ್ಟು ಓದಿದವಳು. ಪಾರೋತಿ, ಸರಸೋತಿ, ನಾಗವೇಣಿ ಈ ಮೂವರು ಹೆಂಗಸರ ದುಡಿಮೆಯ ಮೇಲೆ ನಿಂತ ಕಾದಂಬರಿ ಅದು. ಸಮುದ್ರದ ಬದಿಯ ಆ ಮನೆಯನ್ನು ಉಳಿಸಿಕೊಂಡವರು ಅವರು. ಸರಸೋತಿಯ ಬಗ್ಗೆ ಅಮ್ಮನಿಗೆ ಹೇಳುವುದು ಬೇಕಾದಷ್ಟಿತ್ತು. ಮಜ್ಜಿಗೆ ಕಡೆಯುತ್ತಾ ನನಗೆ ಹೇಳುತ್ತಿದ್ದಳು, ಪಕ್ಕದ ಮನೆಯವರಿಗೆ ಕಾಂಪೌಂಡಿನ ಮೇಲಿಂದ ಹೇಳುತ್ತಿದ್ದಳು. ಹೊರಗೆ ಕೂತವರು ಕೇಳಲಿಲ್ಲ, ಅವಳೂ ಹೇಳಲು ಹೋಗಲಿಲ್ಲ. ಕಾಫಿ ಚೆನ್ನಾಗಿದೆ ಅಂತ ಮಾತ್ರ ಎಲ್ಲರೂ ತಪ್ಪದೆ ಹೇಳುತ್ತಿದ್ದರು.

ಅಮ್ಮನಂಥ ಓದುಗರು ಬೇರೆಯವರೂ ಇದ್ದರು. ಕನ್ನಡ ಸಿನಿಮಾದ ಕಥೆ ಹೇಳುವವರು ಪುಟ್ಟಣ್ಣ ಕಣಗಾಲರ ಹೆಸರನ್ನು ಎತ್ತದೆ ಇರುವುದಿಲ್ಲ, ಎತ್ತಬೇಕಾದ ಹೆಸರೇ ಅದು. ಅವರ 1967ರ ಸಿನಿಮಾ ‘ಬೆಳ್ಳಿಮೋಡ’ದ ಮೂಲ ತ್ರಿವೇಣಿಯವರ ಕಾದಂಬರಿ. 1969ರ ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ‘ಶರಪಂಜರ’ ಮತ್ತೆ ತ್ರಿವೇಣಿ. ಈ ಕಾದಂಬರಿಗಳಿಗೆ ಅಷ್ಟು ದೊಡ್ಡ ಓದುಗರ ಬಳಗ ಕಟ್ಟಿಕೊಟ್ಟವರು ಯಾರು? ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತರಿಸಿಕೊಂಡು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಸಿಕ್ಕ ಒಂದೂವರೆ ಗಂಟೆಯಲ್ಲಿ ಓದಿ, ನಾಳೆ ವಾಪಸ್ ಕೊಡಬೇಕೆಂದು ರಾತ್ರಿ ಒಲೆಯ ಮುಂದೆ ಮುಗಿಸಿದ ಹೆಂಗಸರು. 1965ರಲ್ಲಿ ‘ಸುಧಾ’ ಬಂತು, 1968ರಲ್ಲಿ ‘ಮಯೂರ’. ಧಾರಾವಾಹಿಯ ಮುಂದಿನ ಕಂತಿಗೆ ವಾರವಿಡೀ, ತಿಂಗಳಿಡೀ ಕಾದವರೂ ಇವರೇ. ನಮ್ಮ ಮನೆಯಲ್ಲಿ ಹಳೆಯ ಸಂಚಿಕೆಗಳಿಂದ ತೆಗೆದು ಬೈಂಡ್ ಮಾಡಿಸಿಟ್ಟ ಕಂತುಗಳಿವೆ. ಅವುಗಳ ಅಂಚಿನಲ್ಲಿ ಅರಿಸಿನದ ಹೆಬ್ಬೆಟ್ಟಿನ ಗುರುತುಗಳು ಇನ್ನೂ ಮಾಸಿಲ್ಲ. ಎಂ.ಕೆ. ಇಂದಿರಾ ಅವರು ಬರೆಯಲು ಶುರುಮಾಡಿದ್ದೇ 45ರ ಆಸುಪಾಸಿನಲ್ಲಿ. ಅಷ್ಟು ವರ್ಷ ಅವರು ಕೇಳಿಸಿಕೊಂಡ ಮಾತು, ಕಂಡ ಬದುಕು ಎಲ್ಲ ಎಲ್ಲಿಂದ ಬಂತು ಅಂತ ‘ತುಂಗಭದ್ರ’ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ‘ನಾವು ಸಾಹಿತ್ಯ ಮಾತಾಡ್ತಿದ್ವಿ, ಅವರು ಅಡುಗೆ ಮಾಡ್ತಿದ್ರು’ ಅನ್ನುವ ಚಿತ್ರವೇ ಸರಿಯಿಲ್ಲ. ಅಡುಗೆಮನೆಯಲ್ಲಿ ಓದು ಯಾವಾಗಲೂ ಇತ್ತು. ಹೊರಗಿನ ಮಾತಿಗೂ ಅದಕ್ಕೂ ದಾರಿ ಇರಲಿಲ್ಲ, ಅಷ್ಟೇ.

ಇನ್ನು ಕಾಫಿ. ನಮ್ಮ ಹರಟೆಗೆಲ್ಲ ಇದೇ ಎಣ್ಣೆ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಬರೆಯುತ್ತೇನೆ. ಮೇಷ್ಟ್ರು ಒಂದು ಗುಟುಕು ಕುಡಿದು ‘ಇವತ್ತು ಡಿಕಾಕ್ಷನ್ ಸ್ವಲ್ಪ ಲೈಟು’ ಅನ್ನುತ್ತಾರೆ. ಅವರ ನಾಲಿಗೆ ಸುಳ್ಳು ಹೇಳುವುದಿಲ್ಲ. ಆದರೆ ಅದು ಯಾಕೆ ಲೈಟಾಯಿತು ಅನ್ನುವುದು ಫಿಲ್ಟರಿನ ಹತ್ತಿರ ನಿಂತವರಿಗೆ ಮಾತ್ರ ಗೊತ್ತು. ಮೇಲಿನ ಪಾತ್ರೆಗೆ ಪುಡಿ ಹಾಕಿ, ತೂತಿನ ತಟ್ಟೆ ಇಟ್ಟು ಮೆಲ್ಲಗೆ ಒತ್ತಬೇಕು. ಬಲವಾಗಿ ಒತ್ತಿದರೆ ಅರ್ಧ ಗಂಟೆಯಾದರೂ ಡಿಕಾಕ್ಷನ್ ಇಳಿಯುವುದಿಲ್ಲ. ಸಡಿಲ ಬಿಟ್ಟರೆ ನೀರು ಸರ್ರನೆ ಇಳಿದು ಬರೀ ಬಣ್ಣದ ನೀರಾಗುತ್ತದೆ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಒಂದೇ ಕಡೆ ಹಳ್ಳ ಬೀಳದ ಹಾಗೆ ಸುತ್ತಲೂ ಹೊಯ್ಯಬೇಕು. ಚಿಕೋರಿ ಎಷ್ಟು ಅನ್ನುವುದೂ ಲೆಕ್ಕವೇ. ಅದು ಕಾಫಿ ಬೀಜವಲ್ಲ, ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ದಪ್ಪ, ಕಪ್ಪು ಬಣ್ಣ, ಒಂದಿಷ್ಟು ಕಹಿ ಕೊಡುತ್ತದೆ. ಮಿಶ್ರಣದ ಪುಡಿಯಲ್ಲಿ ಕನಿಷ್ಠ ಶೇಕಡ 51ರಷ್ಟು ಕಾಫಿ ಇರಲೇಬೇಕು ಅನ್ನುವುದು ನಮ್ಮ ಆಹಾರ ನಿಯಮ. ನಮ್ಮ ಮನೆಯಲ್ಲಿ 80ಕ್ಕೆ 20.

ಈ ಕೆಲಸಕ್ಕೆ ಕಾಲು ಗಂಟೆ ಬೇಕು. ಹನಿ ಇಳಿಯುವ ಅಷ್ಟು ಹೊತ್ತು ಕೈಗೆ ಬೇರೆ ಕೆಲಸವಿಲ್ಲ, ಆದರೆ ಜಾಗ ಬಿಟ್ಟು ಹೋಗುವ ಹಾಗೂ ಇಲ್ಲ, ಪಕ್ಕದ ಒಲೆಯಲ್ಲಿ ಹಾಲಿರುತ್ತದೆ. ಒಂದು ಪುಸ್ತಕದ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಕಾಲು ಗಂಟೆ ನನಗೆ ಗೊತ್ತಿಲ್ಲ. ಕೂತು ಮಾತಾಡುವಾಗ ನಾವೆಲ್ಲ ಸ್ವಲ್ಪ ಗೆಲ್ಲಲು ನೋಡುತ್ತೇವೆ. ನಿಂತು, ಒಂದು ಕಣ್ಣು ಹಾಲಿನ ಮೇಲಿಟ್ಟು ಮಾತಾಡುವಾಗ ಆ ಹಟ ಇರುವುದಿಲ್ಲ. ‘ನಂಗೆ ಆ ಕಾದಂಬರಿ ಅರ್ಥ ಆಗ್ಲಿಲ್ಲ ಕಣೋ’ ಅಂತ ಹೇಳುವ ಧೈರ್ಯ ಬರುವುದೂ ಅಲ್ಲೇ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನಾವೆಲ್ಲ ಓದಿದ್ದೇವೆ. ಮನೆಯಿಂದ ತಪ್ಪಿಸಿಕೊಳ್ಳಲು ಕಾಫಿ ಹೌಸಿಗೆ ಬಂದು ಕೂರುವ ನಿರೂಪಕ, ಅವನ ಮನಸ್ಸಿನಲ್ಲಿರುವುದೆಲ್ಲ ತಿಳಿದವನಂತೆ ಕಾಣುವ ಮಾಣಿ ವಿನ್ಸೆಂಟ್. ಆ ಮನೆಯವರು ಶ್ರೀಮಂತರಾದದ್ದು ಮಸಾಲೆ ವ್ಯಾಪಾರದಿಂದ ಅನ್ನುವುದನ್ನು ಗಮನಿಸಿದ್ದೀರಾ? ಊರಿನ ಅಡುಗೆಮನೆಗಳಿಂದ ಬಂದ ಹಣ. ಅದೇ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಚಿಕ್ಕಪ್ಪನಿಗಾಗಿ ಮಸೂರ ಬೇಳೆಯ ಅಡುಗೆ ಮಾಡಿ ತರುತ್ತಾಳೆ. ಆ ಡಬ್ಬಿಗೂ ಅವಳಿಗೂ ಆಗುವ ಗತಿಯನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಚರ್ಚೆಯಲ್ಲಿ ವಿನ್ಸೆಂಟ್ ಬಗ್ಗೆ ಬಹಳ ಮಾತು ಬಂತು. ಆ ಡಬ್ಬಿಯ ಬಗ್ಗೆ ಬರಲಿಲ್ಲ. ನಾವಿಬ್ಬರು ಆಗ ಒಳಗೆ ಪೂರಿ ಕರಿಯುತ್ತಿದ್ದೆವು.

ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದಾಗ ಎಷ್ಟೊಂದು ಜನ ನೆನಪುಗಳನ್ನು ಬರೆದರು. ಬರೆಯಬೇಕಾದದ್ದೇ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರೇ 1957ರಲ್ಲಿ ಸಹಕಾರ ಸಂಘ ಕಟ್ಟಿ ಅವನ್ನು ಮತ್ತೆ ನಡೆಸಿದರು. ಲೋಟ ತಂದಿಡುವವರೇ ಮಾಲೀಕರಾಗಿದ್ದ ಜಾಗವದು. ಆ ಮೇಜುಗಳ ಬಗ್ಗೆ ನಮಗಿರುವ ಪ್ರೀತಿಯಲ್ಲಿ ಈ ಅಂಶಕ್ಕೂ ಪಾಲಿರಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ನಮ್ಮ ರಾಜ್ಯದ್ದು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಈ ಚಳಿಯಲ್ಲಿ ಅರೇಬಿಕಾ ಕೊಯ್ಲು ನಡೆಯುವುದು ಹೆಚ್ಚಾಗಿ ಹೆಂಗಸರ ಕೈಯಿಂದ. ಒಂದೇ ಗೊಂಚಲಿನಲ್ಲಿ ಕೆಂಪಾದದ್ದನ್ನು ಬಿಡಿಸಿ, ಹಸಿರನ್ನು ಮುಂದಿನ ಸುತ್ತಿಗೆ ಬಿಡುತ್ತಾರೆ. ನಮ್ಮ ಲೋಟಕ್ಕೆ ಬರುವ ಮುಂಚೆ ಕಾಫಿ ಎಷ್ಟು ಕೈ ದಾಟಿರುತ್ತದೆ! ಕೊನೆಯ ಕೈ ನಮ್ಮದೇ ಮನೆಯದು. ಅದರ ಜೊತೆಗಾದರೂ ನಾಲ್ಕು ಮಾತು ಆಗಲಿ.

ಇದನ್ನೆಲ್ಲ ಹೇಗೆ ಮಾಡುವುದು ಅಂತ ಕೇಳುತ್ತೀರಿ. ಅದಕ್ಕೆ ಈಗ ಒಳ್ಳೆಯ ಕಾಲ. ದೇವರಾಜ ಮಾರುಕಟ್ಟೆಯ ಸುತ್ತ, ಬಡಾವಣೆಗಳ ತಿರುವುಗಳಲ್ಲಿ ಅವರೆಕಾಯಿ ರಾಶಿ ಬಿದ್ದಿದೆ. ಹಿತಕಿದ ಬೇಳೆ ಸಾರು ಒಬ್ಬರೇ ಮಾಡಿದರೆ ಅರ್ಧ ದಿನ ಹಿಡಿಯುತ್ತದೆ. ಗುಂಪಿನಲ್ಲಿ ಮಾಡಿದರೆ ಕೆಲಸ ಅಂತಲೇ ಅನ್ನಿಸುವುದಿಲ್ಲ.

ಮೊದಲು ಕಾಯಿ ಸುಲಿಯುವುದು. ನಡುಮನೆಯಲ್ಲಿ ಹಳೆಯ ಪೇಪರು ಹಾಸಿ ಸುತ್ತ ಕೂರಬೇಕು. ಸೊನೆ ಅಂಟಿದ ಕಾಯನ್ನು ಬೆನ್ನಿನ ನಾರು ಹಿಡಿದು ಎಳೆದರೆ ಬಾಯಿ ಬಿಡುತ್ತದೆ. ಹುಳುಕು ಇದ್ದರೆ ತೆಗೆದು ಪಕ್ಕಕ್ಕೆ ಹಾಕಬೇಕು, ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಬೆರಳಿಗೆ ಆ ಸೊಗಡು ಹತ್ತಿದರೆ ಸೋಪಿಗೂ ಬೇಗ ಬಿಡುವುದಿಲ್ಲ. ಬಿಡದಿರಲಿ ಅನ್ನುವವಳು ನಾನು. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಆಮೇಲಿನದ್ದು ನಿಜವಾದ ಕೆಲಸ. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಹಿತುಕಬೇಕು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಟಪ್ಪನೆ ಬಟ್ಟಲಿಗೆ ಹಾರುತ್ತದೆ. ಮೊದಮೊದಲು ಎದುರಿಗೆ ಕೂತವರ ಮಡಿಲಿಗೂ ಹಾರುತ್ತದೆ. ಸ್ವಲ್ಪ ಹೊತ್ತಿಗೆ ಬೆರಳು ಲಯ ಹಿಡಿಯುತ್ತದೆ, ಕಣ್ಣು ಬೇಕಾಗುವುದಿಲ್ಲ. ಆಗ ಬಾಯಿ, ಕಿವಿ, ತಲೆ ಪೂರಾ ಬಿಡುವು.

ಹೋದ ವರ್ಷ ನಮ್ಮ ಅಕ್ಕನ ಮನೆಯಲ್ಲಿ ಹೀಗೆ ಕೂತಾಗ ಹದಿನೇಳರ ಹುಡುಗನಿಂದ ಹಿಡಿದು ಎಪ್ಪತ್ತು ದಾಟಿದ ಅಣ್ಣನವರೆಗೆ ಎಲ್ಲರೂ ಇದ್ದರು. ಯಾರೋ ಸಿನಿಮಾದ ವಿಷಯ ತೆಗೆದರು. ನಮ್ಮ ಮನೆಗಳಲ್ಲಿ ಎಂದೂ ಬಾಯಿಬಿಡದ ಅತ್ತಿಗೆ, ತಾನು ಮದುವೆಯಾದ ಹೊಸದರಲ್ಲಿ ಯಾರಿಗೂ ಹೇಳದೆ ಒಬ್ಬಳೇ ಮ್ಯಾಟಿನಿಗೆ ಹೋಗಿ ‘ಶರಪಂಜರ’ ನೋಡಿಬಂದದ್ದನ್ನು ಹೇಳಿದರು. ಅಣ್ಣ ಹಿತುಕುವುದನ್ನು ನಿಲ್ಲಿಸಲಿಲ್ಲ. ‘ನಂಗೆ ಹೇಳಲೇ ಇಲ್ವಲ್ಲೇ’ ಅಂದರು. ‘ನೀವು ಕೇಳಿದ್ರೆ ತಾನೇ ಹೇಳೋಕೆ’ ಅಂದರು ಅತ್ತಿಗೆ. ಆಮೇಲೆ ಕಾವೇರಿಯ ಪಾತ್ರದ ಬಗ್ಗೆ, ಕಲ್ಪನಾ ಅಭಿನಯದ ಬಗ್ಗೆ, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಅನುಮಾನದಿಂದ ನೋಡುವುದರ ಬಗ್ಗೆ ಆ ಇಬ್ಬರೂ ಮಾತಾಡಿದ್ದನ್ನು ನಾವೆಲ್ಲ ಕೇಳಿಸಿಕೊಂಡೆವು. ಯಾವ ವಿಚಾರ ಸಂಕಿರಣದಲ್ಲೂ ನಾನು ಅಂಥದ್ದನ್ನು ಕೇಳಿಲ್ಲ.

‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿದ ದಿನವನ್ನು ಇಲ್ಲಿ ಹೇಳದೆ ಬಿಡಲಾರೆ. ಜಿಯೋ ಬೇಬಿ ಅವರ 2021ರ ಮಲಯಾಳಂ ಸಿನಿಮಾ. ಸೋರುವ ಸಿಂಕಿನ ಪೈಪು, ಅದರ ಕೆಳಗೆ ಇಟ್ಟ ಬಕೆಟ್ಟು, ಊಟದ ಮೇಜಿನ ಮೇಲೆ ಬಿಟ್ಟು ಎದ್ದ ಎಂಜಲು, ಅನ್ನ ಸೌದೆ ಒಲೆಯಲ್ಲೇ ಆಗಬೇಕೆಂದು ಮೆಲುದನಿಯಲ್ಲಿ ಹೇಳುವ ಮಾವ. ಅಲ್ಲಿ ಯಾರೂ ಕೂಗಾಡುವುದಿಲ್ಲ. ನಮ್ಮಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನೀವೆಲ್ಲ ಬಹಳ ಕಳಕಳಿಯಿಂದ ಮಾತಾಡಿದಿರಿ, ಆ ಮಾತುಗಳು ನಿಜವಾಗಿದ್ದವು. ಮಾತು ನಡೆಯುತ್ತಿದ್ದಾಗ ಹತ್ತು ಜನ ಉಂಡ ತಟ್ಟೆಗಳು ನನ್ನ ಸಿಂಕಿನಲ್ಲಿದ್ದವು. ನೋವಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಆ ಸಿನಿಮಾದ ಚರ್ಚೆ ಆ ತಟ್ಟೆಗಳ ಮುಂದೆಯೇ ನಡೆದಿದ್ದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಅದು ಇನ್ನಷ್ಟು ದಕ್ಕುತ್ತಿತ್ತು ಅನ್ನುವುದು ನನ್ನ ನಂಬಿಕೆ. ಸಿನಿಮಾ ತೋರಿಸಿದ ವಸ್ತು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

‘ನಮಗೆ ಅಡುಗೆ ಬರಲ್ಲ’ ಅನ್ನುತ್ತೀರಿ. ಮೇಷ್ಟ್ರೇ, ನೀವೇ ಪಾಠ ಮಾಡುವ ಸಾಹಿತ್ಯ ಚರಿತ್ರೆಯಲ್ಲಿ ಮೂರನೆಯ ಮಂಗರಸ ಇದ್ದಾನಲ್ಲ. ಕಲ್ಲಹಳ್ಳಿಯ ಅರಸುಮನೆತನದವನು, 16ನೇ ಶತಮಾನದ ಆರಂಭದವನು. ‘ಸೂಪಶಾಸ್ತ್ರ’ ಅಂತ ಅಡುಗೆಯ ಪುಸ್ತಕವನ್ನು ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿಂಡಿಗಳು, ಪಾನಕಗಳು, ಕಲಸನ್ನಗಳು ಅಷ್ಟೇ ಅಲ್ಲದೆ ಬದನೆಕಾಯಿಯ ಬಗೆಗಳನ್ನೂ ವಿಸ್ತಾರವಾಗಿ ಹೇಳುತ್ತಾನೆ. ಹಲಸು, ಬಾಳೆ, ಕಳಲೆಯನ್ನೂ ಬಿಡುವುದಿಲ್ಲ. ಬದನೆಕಾಯಿಯ ರುಚಿಗೆ ಛಂದಸ್ಸು ಕಟ್ಟುವುದು ತನ್ನ ಘನತೆಗೆ ಕಡಿಮೆ ಅಂತ ಒಬ್ಬ ಅರಸನಿಗೆ ಅನ್ನಿಸಲಿಲ್ಲ. ಓದು ಬೇರೆ, ಒಲೆ ಬೇರೆ ಎಂದು ಕನ್ನಡ ಯಾವತ್ತೂ ಒಪ್ಪಿಕೊಂಡಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

‘ನಿಮ್ಮ ಅಡುಗೆಮನೆ ಚಿಕ್ಕದು’ ಅನ್ನುವುದು ನಿಜ, ಅದಕ್ಕೇ ಪೇಪರು ಹಾಸಿ ಹೊರಗೆ ಕೂರೋಣ ಅಂದದ್ದು. ‘ಊಟ ಹೊರಗಿಂದ ತರಿಸೋಣ, ಎಲ್ಲರಿಗೂ ಬಿಡುವಾಗುತ್ತದೆ’ ಎಂದು ಒಬ್ಬರು ಪ್ರೀತಿಯಿಂದಲೇ ಸೂಚಿಸಿದ್ದಿರಿ. ಕೆಲವು ಸಲ ಹಾಗೂ ಮಾಡೋಣ. ಆದರೆ ಡಬ್ಬಿ ಬಿಚ್ಚಿ ಉಂಡು ಡಬ್ಬಿ ಬಿಸಾಡಿದ ದಿನಗಳಲ್ಲಿ ನಮ್ಮ ಮಾತು ಬೇಗ ಮುಗಿದದ್ದನ್ನು ನೀವೂ ಗಮನಿಸಿರಬಹುದು. ಎಲ್ಲರೂ ಸೋಫಾಕ್ಕೆ ಒರಗುತ್ತೇವೆ, ಒಬ್ಬೊಬ್ಬರೇ ಮೊಬೈಲು ತೆಗೆಯುತ್ತೇವೆ. ಕೈ ಖಾಲಿ ಇದ್ದರೆ ಫೋನು ಬಂದು ಕೂರುತ್ತದೆ. ಅವರೆಕಾಳಿನ ಸೊನೆ ಹತ್ತಿದ ಕೈಯಲ್ಲಿ ಯಾರೂ ಫೋನು ಮುಟ್ಟುವುದಿಲ್ಲ.

ಮುಂದಿನ ಶನಿವಾರಕ್ಕೆ ನಾನು ಆರಿಸಿದ ಸಿನಿಮಾ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ (2008). ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿ, ಸಿನಿಮಾ ಹುಚ್ಚಿನವಳು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಆಂಟೆನಾ ಸಮೇತ ಟಿವಿ ಬರುತ್ತದೆ. ಅವಳ ಪುಟ್ಟ ಮನೆಗೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಬರಲು ಹಿಂಜರಿಯುವವರೂ ಬರುತ್ತಾರೆ, ಬಾಗಿಲಾಚೆ ನಿಂತೇ ನೋಡುವವರೂ ಇರುತ್ತಾರೆ. ಆಮೇಲೆ ಆ ಮನೆಗೆ, ಆ ಕೂಟಕ್ಕೆ, ಊರಿನ ದ್ವೇಷ ನುಗ್ಗಿದಾಗ ಏನಾಗುತ್ತದೆ ಅನ್ನುವುದನ್ನು ನಾನು ಹೇಳುವುದಿಲ್ಲ. ಹೆಂಗಸರು ಒಟ್ಟಿಗೆ ಕೂತು ನೋಡುವ ಒಂದು ಜಾಗ ಎಷ್ಟು ಕಷ್ಟದಿಂದ ಹುಟ್ಟುತ್ತದೆ, ಎಷ್ಟು ಸುಲಭವಾಗಿ ಹೋಗಿಬಿಡುತ್ತದೆ ಅಂತ ಈ ಸಿನಿಮಾ ನೋಡಿ ತಿಳಿದ ಮೇಲೆ ನನಗೆ ನಮ್ಮ ಗುಂಪಿನ ಬೆಲೆ ಇನ್ನೂ ಹೆಚ್ಚಾಯಿತು. ಇಂಥ ಸಿನಿಮಾದ ಮಾತನ್ನು ಮತ್ತೆ ಎರಡು ಕೋಣೆಗೆ ಹಂಚಲು ನನಗೆ ಮನಸ್ಸಿಲ್ಲ.

ಏರ್ಪಾಡು ಹೀಗೆ ಮಾಡೋಣ. ಸಿನಿಮಾ ಆರೂವರೆಗೆ. ನೀವೆಲ್ಲ ಬರಬೇಕಾದದ್ದು ನಾಲ್ಕಕ್ಕೆ. ಬಂದವರಲ್ಲಿ ಇಬ್ಬರು ಕಾಫಿಗೆ ನಿಲ್ಲಿ, ಪುಡಿ ಎಷ್ಟು ಹಾಕಬೇಕು, ಹೇಗೆ ಒತ್ತಬೇಕು ಅಂತ ನಾನು ಪಕ್ಕದಲ್ಲಿದ್ದು ಹೇಳುತ್ತೇನೆ. ಈ ಸಲ ಲೈಟಾದರೆ ಯಾಕಾಯ್ತು ಅನ್ನುವುದು ಮೇಷ್ಟ್ರಿಗೂ ತಿಳಿಯುತ್ತದೆ. ಉಳಿದವರು ಕಾಳು ಹಿತುಕುತ್ತಾ ಪುಸ್ತಕದ ಮಾತು ಮುಗಿಸೋಣ. ವೈದೇಹಿಯವರ ಮೂಲ ಕಥೆಯನ್ನು ಬ್ಯಾಂಕಿನ ಗೆಳತಿ ಗಟ್ಟಿಯಾಗಿ ಓದುತ್ತಾಳೆ, ಓದುವವರ ಪಾಲಿನ ಕಾಳನ್ನು ಪಕ್ಕದವರು ಗೊಣಗದೆ ಹಿತುಕಬೇಕು. ತೆಂಗಿನಕಾಯಿ, ಹುರಿಗಡಲೆ, ಗಸಗಸೆ, ಚಕ್ಕೆ, ಲವಂಗ, ಕೊತ್ತಂಬರಿ ಎಲ್ಲ ಇಲ್ಲೇ ಇದೆ, ಈರುಳ್ಳಿ ಹುರಿದು ರುಬ್ಬುವುದು ಸಿನಿಮಾಕ್ಕೆ ಮುಂಚೆ ಆಗಲಿ. ಮುದ್ದೆ ಮಾತ್ರ ಸಿನಿಮಾ ಆದಮೇಲೆ ಬಿಸಿಬಿಸಿ. ಅದನ್ನು ತೊಳಸಲು ತೋಳಿನಲ್ಲಿ ಬಲ ಇರುವವರು ಬೇಕು, ನಾವೆಲ್ಲ ಒಲೆಯ ಸುತ್ತಲೇ ನಿಂತು ಗುಲಾಬಿಯ ಬಗ್ಗೆ ಮಾತಾಡುತ್ತಿರುತ್ತೇವೆ. ಪಾತ್ರೆಗೂ ಅದೇ ಏರ್ಪಾಡು, ಇಬ್ಬರು ಉಜ್ಜಿದರೆ ಇಬ್ಬರು ಒರೆಸಿಡಲಿ.

ಒಂದು ಕೆಲಸ ಮಾತ್ರ ಮುಂಚೆಯೇ ಆಗಬೇಕು. ಕಾಯಿ ಸುಲಿದು ಶುಕ್ರವಾರ ರಾತ್ರಿ ಕಾಳು ನೆನೆಹಾಕಿದ್ದರೆ ಮಾತ್ರ ಶನಿವಾರ ಸಿಪ್ಪೆ ಬಿಡುತ್ತದೆ. ಅವರೆಕಾಯಿ ನಾನು ತಂದಿಡುತ್ತೇನೆ. ಶುಕ್ರವಾರ ಸಂಜೆ ಸುಲಿಯಲು ಯಾರ್ಯಾರು ಬರುತ್ತೀರಿ ಅಂತ ಗುರುವಾರದೊಳಗೆ ತಿಳಿಸಿ.

ನಿಮ್ಮ ಗೆಳತಿ
ಮೈಸೂರು